ನನ್ನ ಪಾಲಿನ ಏಳು ಸೆಕೆಂಡು

ನಮ್ಮ ತಂಡದ ಆ ಒಂದು ಹಾಡು ಇರುವುದು ಮೂರು ನಿಮಿಷ ಹನ್ನೆರಡು ಸೆಕೆಂಡು. ಅದರಲ್ಲಿ ನನ್ನ ಪಾಲು ಏಳು ಸೆಕೆಂಡು. ಅಳೆದದ್ದು ನಾನಲ್ಲ. ಆ ಕಾಲದ ನಮ್ಮ ಅಭಿಮಾನಿಗಳು ಗಡಿಯಾರ ಹಿಡಿದು ಕೂತು, ಯಾರು ಎಷ್ಟು ಹೊತ್ತು ಹಾಡಿದರು ಎಂದು ಪಟ್ಟಿ ಮಾಡಿ, ಪತ್ರಿಕೆಗೆ ಕಳಿಸಿ, ಅದು ಅಚ್ಚಾಗಿಯೂ ಬಂದಿತ್ತು. ಹೀರೋ ಐವತ್ತೆರಡು, ಅವಳಿಗಳು ತಲಾ ಮೂವತ್ತು, ಪಲ್ಟಿ ಹತ್ತೊಂಬತ್ತು, ಸಿಳ್ಳೆ ಏಳು. ಮಿಕ್ಕದ್ದು ಐದೂ ಜನ ಸೇರಿ ಕೂಗುವುದು.

ಸಿಳ್ಳೆ ಅಂದರೆ ನಾನು. ದನಿ ಎಲ್ಲರಿಗಿಂತ ಮೇಲಕ್ಕೆ ಹೋಗುತ್ತದೆ ಎಂದು ಮ್ಯಾನೇಜರ್ ಇಟ್ಟ ಹೆಸರು. ಹೀರೋ ಯಾಕೆ ಹೀರೋ ಎಂದು ಅವನ ಕೆನ್ನೆಯ ಗುಳಿ ನೋಡಿದವರು ಯಾರೂ ಕೇಳುವುದಿಲ್ಲ. ಪಲ್ಟಿ ನಿಂತಲ್ಲೇ ಹಿಂದಕ್ಕೆ ಪಲ್ಟಿ ಹೊಡೆಯುತ್ತಿದ್ದ. ಇನ್ನು ಅವಳಿಗಳು ಅವಳಿಗಳಲ್ಲ, ಅಣ್ಣತಮ್ಮಂದಿರೂ ಅಲ್ಲ, ತಂಡಕ್ಕೆ ಬರುವ ತನಕ ಒಬ್ಬರ ಮುಖ ಒಬ್ಬರು ನೋಡಿದವರೂ ಅಲ್ಲ. ಒಂದೇ ಥರ ಕೂದಲು ಕತ್ತರಿಸಿ ‘ಇವರು ಅವಳಿ’ ಎಂದು ಮ್ಯಾನೇಜರ್ ಹೇಳಿದ, ಅವರು ಹೂಂ ಎಂದರು, ಜನ ನಂಬಿದರು. ನಮ್ಮಲ್ಲಿ ನಿಜ ಎಷ್ಟಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನನ್ನ ಸಾಲು ‘ಇನ್ನೂ ಬೆಳಕಿದೆ’. ಹೀರೋ ‘ಹೋಗಬೇಡ’ ಎನ್ನುತ್ತಾನೆ, ವಾದ್ಯಗಳು ಕ್ಷಣ ತಡೆಯುತ್ತವೆ, ನಾನು ‘ಇನ್ನೂ’ ಎಂದು ಎತ್ತಿಕೊಂಡು ಆ ‘ನೂ’ವನ್ನು ಮೇಲಕ್ಕೆ, ಇನ್ನಷ್ಟು ಮೇಲಕ್ಕೆ ಒಯ್ದು, ಅಲ್ಲಿಂದ ‘ಬೆಳಕಿದೆ’ ಎಂದು ಇಳಿಯಬೇಕು. ಇಷ್ಟೇ ಕೆಲಸ. ಹಾಡು ಬಂದಾಗ ನನಗೆ ಹದಿನೇಳು. ಆಮೇಲೆ ಎರಡು ವರ್ಷ ಊರೂರು ಸುತ್ತಿದರೂ ಆ ಸಾಲನ್ನು ಒಮ್ಮೆಯೂ ವೇದಿಕೆಯ ಮೇಲೆ ಹಾಡಲಿಲ್ಲ, ತುಟಿ ಆಡಿಸಿದೆ. ಐವರೂ ಆಡಿಸಿದೆವು. ಹಿಂದೆ ಮುದ್ರಿಸಿಟ್ಟ ಟ್ರ್ಯಾಕ್ ಓಡುತ್ತಿತ್ತು, ಕೈಯಲ್ಲಿನ ಮೈಕ್ ಸತ್ತಿರುತ್ತಿತ್ತು, ನಾವು ಕುಣಿಯುತ್ತಿದ್ದೆವು. ಆಗ ಅದು ತಪ್ಪು ಎಂದು ಅನಿಸಿರಲಿಲ್ಲ. ಹಾಗೆ ಕುಣಿಯುವವನು ಹಾಡಿದರೆ ಏದುಸಿರು ಬಿಟ್ಟು ಬೇರೇನೂ ಕೇಳಿಸುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

ಹತ್ತೊಂಬತ್ತನೇ ವಯಸ್ಸಿನಲ್ಲಿ, ಒಂದು ದೊಡ್ಡ ಸಭಾಂಗಣದಲ್ಲಿ ಆ ಟ್ರ್ಯಾಕ್ ನಿಂತುಹೋಯಿತು. ಹೀರೋ ‘ಹೋಗಬೇಡ’ ಎಂದದ್ದೇ ತಡ, ಸದ್ದಿಲ್ಲ. ಧ್ವನಿಯ ಯಂತ್ರ ನೋಡಿಕೊಳ್ಳುತ್ತಿದ್ದ ಸೌಂಡಣ್ಣ ಗಾಬರಿಯಲ್ಲಿ ನಮ್ಮೆಲ್ಲರ ಮೈಕ್‌ಗಳನ್ನೂ ಜೀವಂತ ಮಾಡಿಬಿಟ್ಟ. ಉಳಿದ ನಾಲ್ವರು ಬುದ್ಧಿವಂತರು. ಕಿವಿಗೆ ಕೈ ಇಟ್ಟು, ಮೇಲೆ ನೋಡಿ, ಯಂತ್ರದ ತಪ್ಪು ಎನ್ನುವಂತೆ ನಗುತ್ತ ನಿಂತರು. ನಾನೊಬ್ಬ ದಡ್ಡ, ನನ್ನ ಸಾಲು ಬಂತಲ್ಲ ಎಂದು ಬಾಯಿ ತೆರೆದೆ. ‘ನೂ’ ಅರ್ಧ ದಾರಿ ಹತ್ತಿ ತಗಡು ಹರಿದ ಹಾಗೆ ಹರಿಯಿತು. ಮೂರು ಸಾವಿರ ಜನ ಒಟ್ಟಿಗೆ ನಕ್ಕರು. ಅಲ್ಲಿಯವರೆಗೆ ನಗು ಇಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ತೆರೆಯ ಹಿಂದೆ ಮ್ಯಾನೇಜರ್ ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದ: “ನಿನ್ನ ಗಂಟಲು ಮುಗೀತು ಕಣೋ. ವಯಸ್ಸಿಗೆ ದನಿ ದಪ್ಪ ಆಗೋದು ಇದ್ದದ್ದೇ. ಯಾರ ತಪ್ಪೂ ಅಲ್ಲ. ಇನ್ಮೇಲೆ ಏನೇ ಆದ್ರೂ ಬಾಯಿ ಮಾತ್ರ ಬಿಡಬೇಡ.”

ಒಂದು ವರ್ಷದೊಳಗೆ ತಂಡ ಒಡೆಯಿತು. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ ಎಲ್ಲರೂ ಎಳೆದರು. ಹೀರೋ ಒಂಟಿಯಾಗಿ ಹಾಡುತ್ತೇನೆಂದು ಹೋದ, ಹಾಡಲಿಲ್ಲ. ಆದರೆ ತಂಡ ಯಾಕೆ ಒಡೆಯಿತು ಎಂದು ಯಾರು ಕೇಳಿದರೂ ಉತ್ತರದ ಮೊದಲ ಮಾತು ‘ಅವತ್ತು ಸಿಳ್ಳೆಯ ದನಿ ಒಡೆದದ್ದು’ ಎಂದೇ ಇರುತ್ತಿತ್ತು. ನಾನೂ ನಂಬಿದೆ. ಹದಿನಾಲ್ಕು ವರ್ಷ ನಂಬಿದೆ. ಇದ್ದ ಒಂದು ವಸ್ತುವನ್ನು ಕಳೆದುಕೊಂಡವನು ನಾನು ಎಂದುಕೊಂಡೇ ದಿನಾ ಬೆಳಿಗ್ಗೆ ಎದ್ದು ಮುಖ ತೊಳೆದೆ.

ಈಗ ನಾನು ಕಾರು ಕಲಿಸುತ್ತೇನೆ. ಡ್ರೈವಿಂಗ್ ಸ್ಕೂಲಿನ ಚಿಕ್ಕ ಬಿಳಿ ಕಾರು, ನನ್ನ ಕಾಲ ಬುಡದಲ್ಲೂ ಒಂದು ಬ್ರೇಕ್. ಬೇರೆಯವರ ತಪ್ಪಿಗೆ ತಕ್ಷಣ ಬ್ರೇಕ್ ಹಾಕುವ ಅನುಕೂಲ ಎಷ್ಟು ಕೆಲಸಗಳಲ್ಲಿ ಇದೆ ಹೇಳಿ? ವಾಸ ಅಕ್ಕನ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ. ತಂಡದ ಹೊಳೆಯುವ ಅಂಗಿಗಳನ್ನು ಆಗ ಹೊಲಿದವಳು ಅವಳೇ. ನಮ್ಮ ಐವರ ಸೊಂಟದ ಅಳತೆ ಅವಳ ಹಳೆಯ ಪುಸ್ತಕದಲ್ಲಿ ಇನ್ನೂ ಇದೆ. ಅದನ್ನು ಆಗಾಗ ಗಟ್ಟಿಯಾಗಿ ಓದಿ ನನ್ನ ಹೊಟ್ಟೆ ನೋಡುವುದು ಅವಳಿಗೆ ಒಂದು ಸುಖ.

ಏಳು ತಿಂಗಳ ಹಿಂದೆ ಮ್ಯಾನೇಜರ್ ಫೋನ್ ಮಾಡಿದ. ಐವರೂ ಮತ್ತೆ ಸೇರಬೇಕು, ಒಂದೇ ಒಂದು ಸಂಜೆಯ ಕಾರ್ಯಕ್ರಮ, ಟಿಕೆಟ್‌ಗೆ ಜನ ಈಗಲೇ ಮುಗಿಬೀಳುತ್ತಿದ್ದಾರೆ, ಹಾಡುವ ಚಿಂತೆ ಬೇಡ, ಟ್ರ್ಯಾಕ್ ಇದ್ದೇ ಇದೆ, ಎಂದ.

“ನನ್ನ ಸಾಲು ನಾನೇ ಹಾಡ್ತೀನಿ,” ಎಂದೆ. ಆ ಮಾತು ಬಾಯಿಂದ ಹೇಗೆ ಬಂತೋ. ಯೋಚಿಸಿ ಹೇಳಿದ್ದಂತೂ ಅಲ್ಲ.

ಅವನು ಬಹಳ ಹೊತ್ತು ನಕ್ಕ. “ಮತ್ತೆ ಶುರು ಮಾಡ್ಬೇಡ ಮಾರಾಯ. ಬಾ, ಕುಣಿ, ಕೈ ಬೀಸು, ಹೋಗು.”

ಆ ನಗುವೇ ನನಗೆ ಸಾಕಾಯಿತು. ಕೆಳಗಿಳಿದು ಅಕ್ಕನಿಗೆ ಹೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. “ಹದಿನಾಲ್ಕು ವರ್ಷ ಮುಖ ಊದಿಸ್ಕೊಂಡು ಓಡಾಡಿದ್ದು ಸಾಕು. ಕಲಿಯೋದಿದ್ರೆ ಕಲಿ. ಇಲ್ಲಾಂದ್ರೆ ಇನ್ನು ಆ ಹಾಡಿನ ಸುದ್ದಿ ನನ್ನ ಮುಂದೆ ಎತ್ತಬೇಡ,” ಎಂದಳು. ಮರುದಿನ ಅವಳೇ ನನ್ನನ್ನು ಒಬ್ಬರ ಮನೆಗೆ ಕರೆದೊಯ್ದಳು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಟೀಚರ್; ಅವರ ರವಿಕೆ ಹೊಲಿಯುವವಳು ಅಕ್ಕನೇ.

ಟೀಚರ್ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕೀಬೋರ್ಡ್, ಅದರ ಮೇಲೆ ಧೂಳಿಗೆಂದು ಹೊದಿಸಿದ ಟವೆಲ್. ಮೊದಲ ದಿನ ನನ್ನಿಂದ ಒಂದು ಸಲ ಹಾಡಿಸಿ ಕಿವಿ ಉಜ್ಜಿಕೊಂಡರು.

“ಗಂಟಲು ಹಿಸುಕಿ ಮೇಲೆ ಹೋಗ್ತೀಯ. ಅಲ್ಲಿ ಜಾಗ ಎಲ್ಲಿದೆ ಹೋಗೋದಕ್ಕೆ? ಆಕಳಿಕೆ ಬರುವಾಗ ಬಾಯಿ ಒಳಗೆ ಎಷ್ಟು ಜಾಗ ಆಗುತ್ತೆ ನೋಡು. ಅಷ್ಟು ಜಾಗ ಮಾಡು ಮೊದಲು. ದನಿ ತಾನಾಗೇ ಹೋಗುತ್ತೆ.”

ಎರಡು ತಿಂಗಳು ನಾನು ಆಕಳಿಸಿದೆ. ನಿಜವಾಗಿ, ಅಷ್ಟೇ. ಬೆಳಿಗ್ಗೆ ಅವರ ಮನೆಯಲ್ಲಿ, ಮಧ್ಯಾಹ್ನ ಎರಡು ಪಾಠಗಳ ನಡುವೆ ಕಾರಿನಲ್ಲಿ. ಒಂದು ಗೋದಾಮಿನ ಹಿಂದೆ ಕಾರು ನಿಲ್ಲಿಸಿ, ಗಾಜು ಏರಿಸಿ, ‘ನೂ’ ಎನ್ನುತ್ತಿದ್ದೆ. ಒಂದು ದಿನ ಗೋದಾಮಿನ ಕಾವಲಿನವನು ಗಾಜು ಬಡಿದು, “ಸ್ವಾಮಿ, ಹೊಟ್ಟೆ ನೋವಾ? ನೀರು ತರ್ಲಾ?” ಎಂದು ಕೇಳಿದ. ಮನೆಯಲ್ಲಿ ಅಕ್ಕನದು ಬೇರೆ ರಾಗ. “ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ಸುಮ್ನೆ ಹೇಳಿಲ್ಲ ದೊಡ್ಡವ್ರು. ಒಂದೇ ಸಾಲು! ಗಿರಾಕಿಗಳು ಕೂಡ ಬಾಯಿಪಾಠ ಮಾಡಿದಾರೆ.” ಹೀಗೆ ಬೈದರೂ, ನಾನು ಮೇಲೆ ಹಾಡುವಾಗ ಕೆಳಗೆ ಯಂತ್ರದ ಸದ್ದು ನಿಲ್ಲುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು.

ಕಾರು ಕಲಿಯಲು ಬರುತ್ತಿದ್ದವರಲ್ಲಿ ಒಬ್ಬ ಮೇಡಂ ಇದ್ದರು, ಔಷಧಿ ಅಂಗಡಿ ನಡೆಸುವವರು. ಎಡಗಾಲನ್ನು ಕ್ಲಚ್ ಮೇಲಿಂದ ಮೆಲ್ಲಗೆ ಎತ್ತಬೇಕು ಎನ್ನುವುದು ಅವರ ಕಾಲಿಗೆ ಒಪ್ಪಿಗೆಯೇ ಇರಲಿಲ್ಲ. ಎತ್ತಿದರೆ ಪಟ್ಟನೆ ಎತ್ತುವುದು, ಗಾಡಿ ಕೆಮ್ಮಿ ಆಫ್ ಆಗುವುದು. ಮೂರನೇ ದಿನ ನನ್ನನ್ನು ಗುರುತಿಸಿದರು. “ಅಯ್ಯೋ, ನೀವು ಅವ್ರಲ್ವಾ! ನನ್ನ ಹಾಸ್ಟೆಲ್ ರೂಮಲ್ಲಿ ನಿಮ್ಮ ತಂಡದ ಪೋಸ್ಟರ್ ಇತ್ತು ಸರ್,” ಎಂದವರು ಗೇರ್ ಹಾಕುತ್ತ, “ನೀವಿರೋ ಕಡೆ ಸ್ವಲ್ಪ ಮಡಿಸಿತ್ತು. ಬೀರು ಅಡ್ಡ ಬರ್ತಿತ್ತು,” ಎಂದರು. ಆಗಲೂ ಗಾಡಿ ಆಫ್ ಆಯಿತು.

ಆರನೇ ತಿಂಗಳಿಗೆ ನನ್ನ ದನಿ ಆ ಸ್ವರದ ಬಾಗಿಲ ತನಕ ಹೋಗಿ ನಿಲ್ಲುತ್ತಿತ್ತು. ಹತ್ತಕ್ಕೆ ಮೂರು ಸಲ ಒಳಗೂ ಹೋಗುತ್ತಿತ್ತು. ಉಳಿದ ಏಳು ಸಲ ಅದೇ ತಗಡು. ಹದಿನೇಳರ ನಾನು ಇದನ್ನು ಹೂ ಎತ್ತಿದಷ್ಟು ಸುಲಭವಾಗಿ ಹೇಗೆ ಹಾಡಿದೆ ಎಂದು ತಲೆ ಚಚ್ಚಿಕೊಂಡೆ. ಒಂದು ಬೆಳಿಗ್ಗೆ ಟೀಚರ್ ಹಳೆಯ ಹಾಡನ್ನು ಹಾಕಿಸಿ, ನನ್ನ ಸಾಲಿಗೆ ಮುಂಚಿನ ಉಸಿರನ್ನು ಮತ್ತೆ ಮತ್ತೆ ಕೇಳಿದರು. ಕೊನೆಗೆ ಕನ್ನಡಕ ತೆಗೆದರು.

“ಈ ಉಸಿರು ಕೇಳು. ಯಾವ ಮನುಷ್ಯನೂ ಇಷ್ಟು ಗಡಿಬಿಡಿಯಲ್ಲಿ ಉಸಿರು ಎಳ್ಕೊಳ್ಳೋದಿಲ್ಲಪ್ಪ. ನಲವತ್ತು ವರ್ಷ ಮಕ್ಕಳ ಉಸಿರು ಕೇಳಿದೀನಿ. ಇದು ಓಡಿಸಿದ ಉಸಿರು. ಹಾಡು ಮಾಡಿದವ್ರನ್ನ ಹೋಗಿ ಕೇಳು.”

ಅವತ್ತು ಮಧ್ಯಾಹ್ನದ ಪಾಠಗಳನ್ನು ರದ್ದು ಮಾಡಿ ನಾನು ತಾಲೀಮಿನ ಸಭಾಂಗಣಕ್ಕೆ ಹೋದೆ. ಸೌಂಡಣ್ಣ ಒಬ್ಬನೇ ತನ್ನ ಉದ್ದನೆಯ ಯಂತ್ರದ ಮುಂದೆ ಕೂತು ತಂತಿಗಳಿಗೆ ಬಣ್ಣದ ಟೇಪ್ ಸುತ್ತುತ್ತಿದ್ದ. ಕೂದಲು ಪೂರ್ತಿ ಬಿಳಿ. ಹಾಡು ಮುದ್ರಿಸಿದಾಗಲೂ ಅವನೇ ಇದ್ದವನು. ನೇರ ಕೇಳಿದೆ.

ಅವನು ಟೇಪಿನ ಸುರುಳಿಯನ್ನು ಕೆಳಗಿಟ್ಟ. “ಸ್ವಲ್ಪ ಓಡಿಸಿದ್ವಿ,” ಎಂದ.

“ಎಷ್ಟು?”

“ನೀವು ಹಾಡಿದ್ದು ನಿಧಾನ ಇತ್ತು. ಮ್ಯಾನೇಜರ್‌ಗೆ ಚುರುಕು ಸಾಲಲ್ಲ ಅನ್ನಿಸ್ತು. ಇಡೀ ಹಾಡಿನ ವೇಗ ಏರಿಸಿದ್ವಿ. ವೇಗ ಏರಿದ್ರೆ ಶ್ರುತಿನೂ ಏರುತ್ತಲ್ಲ. ಕೀಬೋರ್ಡ್‌ನಲ್ಲಿ ಲೆಕ್ಕ ಹಾಕಿದ್ರೆ ಎರಡು ಮನೆ ಮೇಲೆ.”

“ಅಂದ್ರೆ ಆ ಸ್ವರ ನಾನು ಹಾಡೇ ಇಲ್ಲ.”

“ಇಲ್ಲ. ಯಾರೂ ಹಾಡಿಲ್ಲ.”

ನನಗೆ ಸಮಾಧಾನ ಆಗಬೇಕಿತ್ತು, ಅಲ್ಲವೇ? ಆಗಲಿಲ್ಲ. ಸಿಟ್ಟು ಬಂತು. ಹಾಡು ಸಿದ್ಧವಾದ ಮೇಲೆ ಮ್ಯಾನೇಜರನ ಕಾರಿನಲ್ಲಿ ಅದನ್ನು ಮೊದಲ ಸಲ ಕೇಳಿ, ‘ಇದು ನಾನಾ?’ ಎಂದು ನಾನು ಅವನನ್ನು ಕೇಳಿದ್ದು ನೆನಪಾಯಿತು. ‘ತನ್ನ ದನಿ ತನಗೆ ಬೇರೆ ಥರಾನೇ ಕೇಳಿಸೋದು’ ಎಂದಿದ್ದ. ಅವನಿಗೆ ಗೊತ್ತಿತ್ತು. ಸಭಾಂಗಣದಲ್ಲಿ ನನ್ನ ದನಿ ಹರಿದ ದಿನ ಹೆಗಲ ಮೇಲೆ ಕೈ ಹಾಕಿದಾಗಲೂ ಗೊತ್ತಿತ್ತು. ಹದಿನಾಲ್ಕು ವರ್ಷ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವನು ನಾನು.

“ಅವತ್ತು ಯಾಕೆ ಹೇಳ್ಲಿಲ್ಲ ಅಣ್ಣ?”

“ಬಾಯಿ ಮುಚ್ಕೊಂಡಿರು ಅಂದ್ರು. ಮುಚ್ಕೊಂಡೆ.” ಅವನು ನನ್ನ ಮುಖ ನೋಡಲಿಲ್ಲ. “ತಪ್ಪು ಮಾಡ್ದೆ ಕಣೋ.”

ಮರುದಿನ ತಾಲೀಮಿಗೆ ಐವರೂ ಸೇರಿದ್ದೆವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಮ್ಮ ಅವಳಿಗಳು ಬೆಳಿಗ್ಗೆಯಿಂದ ನೆಲ ಜಾರುತ್ತದೆ ಎಂದು ದೂರುತ್ತಿದ್ದರು. ಪಲ್ಟಿ ಎರಡೂ ಮಂಡಿಗೆ ಪಟ್ಟಿ ಕಟ್ಟಿ ಗೋಡೆಗೆ ಒರಗಿದ್ದ. ಪಲ್ಟಿ ಹೊಡೆಯುವುದಿರಲಿ, ಅವನು ಬಗ್ಗಿ ಶೂ ಲೇಸ್ ಕಟ್ಟಿದರೆ ನಾವೇ ಚಪ್ಪಾಳೆ ತಟ್ಟುವ ಸ್ಥಿತಿ. ಹೀರೋ ಕನ್ನಡಿಯ ಮುಂದೆ ಕೆನ್ನೆಯ ಗುಳಿ ಇನ್ನೂ ಇದೆಯೇ ಎಂದು ನೋಡಿಕೊಳ್ಳುತ್ತಿದ್ದ. ನಾನು ವಿಷಯ ಹೇಳಿದೆ. ಟ್ರ್ಯಾಕನ್ನು ಅಸಲಿ ವೇಗಕ್ಕೆ ಇಳಿಸೋಣ, ನಾವು ಹಾಡಿದ್ದ ಶ್ರುತಿಯಲ್ಲೇ, ನಮ್ಮ ಬಾಯಿಂದಲೇ ಹಾಡೋಣ, ಎಂದೆ.

“ವೋಟ್ ಹಾಕೋಣ,” ಎಂದ ಪಲ್ಟಿ.

ನಮ್ಮ ವೋಟಿನ ಪದ್ಧತಿ ಬೇರೆ. ಆ ಕಾಲದಲ್ಲಿ ಬಾಗಿಲಾಚೆ ಪತ್ರಿಕೆಯವರು ಕಿವಿಗೊಟ್ಟು ನಿಂತಿರುತ್ತಿದ್ದುದರಿಂದ ನಾವು ಸದ್ದು ಮಾಡಿ ಜಗಳ ಆಡುವ ಹಾಗಿರಲಿಲ್ಲ. ಅದಕ್ಕೆ ಮಾತೇ ಇಲ್ಲದ ವೋಟು. ಒಪ್ಪಿಗೆ ಇದ್ದವನು ಬಲಗಾಲಿನ ಶೂ ಬಿಚ್ಚಿ ನಡುವೆ ಇಡಬೇಕು, ಇಲ್ಲದವನು ತೊಟ್ಟುಕೊಂಡೇ ಇರಬೇಕು. ಮೂರು ಶೂ ಬಿದ್ದರೆ ತೀರ್ಮಾನ. ಇಟ್ಟದ್ದನ್ನು ವಾಪಸ್ ತೆಗೆಯುವಂತಿಲ್ಲ, ಆದರೆ ತಡವಾಗಿ ಬಂದ ಶೂ ಕೂಡ ಶೂವೇ. ಈ ಕೊನೆಯ ನಿಯಮ ಪಲ್ಟಿಯದು. ಅವನಿಗೆ ಲೇಸ್ ಬಿಚ್ಚಲು ಯಾವಾಗಲೂ ಹೊತ್ತು ಹಿಡಿಯುತ್ತಿತ್ತು.

ನಾನು ಇಟ್ಟೆ. ಪಲ್ಟಿ ನರಳುತ್ತ ಬಗ್ಗಿ ಇಟ್ಟ. “ಸಂಗೀತಕ್ಕಲ್ಲ, ನನ್ನ ಮಂಡಿಗೋಸ್ಕರ. ನಿಧಾನ ಆದ್ರೆ ಜೀವ ಉಳಿಯುತ್ತೆ,” ಎಂದ. ಅವಳಿಗಳು ಒಟ್ಟಿಗೆ ಹೀರೋನ ಕಾಲು ನೋಡಿದರು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅವರದು ಯಾವಾಗಲೂ. ಹೀರೋನ ಶೂ ಅಲುಗಲಿಲ್ಲ.

“ಜನ ಬರೋದು ಆ ಹಾಡು ಕೇಳೋದಕ್ಕೆ. ಅದೇ ಹಾಡು. ಇವ್ರು ಏನೋ ಬೇರೆ ಹಾಡ್ತಿದಾರೆ ಅಂತ ಎದ್ದು ಹೋದ್ರೆ?” ಎಂದ. ಆಮೇಲೆ ದನಿ ತಗ್ಗಿಸಿ, “ನಾನು ಎಷ್ಟೋ ವರ್ಷದಿಂದ ಸ್ನಾನದ ಮನೇಲೂ ಹಾಡಿಲ್ಲ ಕಣೋ. ನನ್ನ ಕೈಲಿ ಆಗಲ್ಲ,” ಎಂದ. ಹೀರೋ ಬಾಯಲ್ಲಿ ‘ಆಗಲ್ಲ’ ಎನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು. ಅವನ ಮೇಲೆ ಬಂದಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಆದರೆ ಶೂ ಎರಡೇ. ಅಷ್ಟರಲ್ಲಿ ಮ್ಯಾನೇಜರ್ ಬಾಗಿಲು ತಳ್ಳಿ ಬಂದು, ನಡುವೆ ಇದ್ದ ಶೂಗಳನ್ನು ಕಂಡು, “ಏನಿದು ಮಕ್ಕಳಾಟ, ನಡೀರಿ,” ಎಂದ. ನಾವು ಶೂ ತೊಟ್ಟು ವೇಗದ ಟ್ರ್ಯಾಕಿಗೇ ಕುಣಿದೆವು.

ಎಲ್ಲರೂ ಹೋದ ಮೇಲೆ ನಾನು ಸೌಂಡಣ್ಣನ ಹತ್ತಿರ ಹೋದೆ. ಐವರ ದನಿಯೂ ಟ್ರ್ಯಾಕಿನಲ್ಲಿ ಬೇರೆ ಬೇರೆ ಇದೆ ಎಂದು ನನಗೆ ಗೊತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಗುಂಡಿ, ಮೇಲೆ ತಳ್ಳಿದರೆ ದನಿ, ಕೆಳಗೆ ಎಳೆದರೆ ಮೌನ.

“ನನ್ನ ಏಳು ಸೆಕೆಂಡಲ್ಲಿ ನನ್ನ ಹಳೇ ದನಿ ಕೆಳಗೆ ಎಳಿ. ನನ್ನ ಮೈಕ್ ಮೇಲೆ ತಳ್ಳು. ಅಷ್ಟೇ ನಾನು ಕೇಳೋದು.”

“ಹುಚ್ಚಾ ನಿಂಗೆ? ಓಡಿಸಿದ ಸ್ವರ ಅದು. ಮನುಷ್ಯರದಲ್ಲ.”

“ಇಷ್ಟು ವರ್ಷ ನನ್ನ ಹೆಸರಲ್ಲಿ ಇತ್ತಲ್ಲ ಅಣ್ಣ. ಈಗ ನನ್ನದಾಗ್ಲಿ.”

ಅವನು ಯಂತ್ರ ಚಾಲೂ ಮಾಡಿ, “ಹಾಡು ನೋಡೋಣ,” ಎಂದ. ಮೊದಲ ಸಲ ಹರಿಯಿತು. ಎರಡನೇ ಸಲ ಹರಿಯಿತು. ಖಾಲಿ ಕುರ್ಚಿಗಳ ಮುಂದೆ ನಿಂತು ಟೀಚರ್ ಹೇಳಿದ ಹಾಗೆ ಆಕಳಿಸಿದೆ, ನಿಜವಾದ ಆಕಳಿಕೆಯೇ ಬಂತು, ಕಣ್ಣಲ್ಲಿ ನೀರೂ ಬಂತು. ಮೂರನೇ ಸಲ ದನಿ ಹೋಯಿತು. ನಾಲ್ಕನೆಯದೂ ಹೋಯಿತು. ಸೌಂಡಣ್ಣ ಯಂತ್ರ ಆಫ್ ಮಾಡಿದ.

“ಮ್ಯಾನೇಜರ್ ನನ್ನ ಚರ್ಮ ಸುಲೀತಾನೆ,” ಎಂದ. “ಸುಲಿಲಿ. ಒಂದು ಮಾತು. ‘ಹೋಗಬೇಡ’ ಅಂದಾಗ ಧೈರ್ಯ ಸಾಲ್ದೆ ಹೋದ್ರೆ ಎಡಗೈ ಎತ್ತು. ಹಳೇ ದನಿ ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಎತ್ತಲ್ಲ.”

“ಎತ್ತಲ್ಲ ಅಂತ ಈಗ ಹೇಳ್ಬೇಡ. ಅವತ್ತು ನೋಡೋಣ.”

ಕಾರ್ಯಕ್ರಮದ ಸಂಜೆ ಅಕ್ಕ ತೆರೆಯ ಹಿಂದೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಮ್ಮ ಹೊಳೆಯುವ ಅಂಗಿಗಳ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಿದ್ದಳು. ನನ್ನ ಸೊಂಟಪಟ್ಟಿಯನ್ನು ಎರಡು ಬೆರಳು ಸಡಿಲ ಬಿಟ್ಟಳು. “ಉಸಿರಿಗೆ ಜಾಗ ಬೇಕಲ್ಲ,” ಎಂದಳು. ಸೌಂಡಣ್ಣನ ವಿಷಯ ಅವಳಿಗೊಬ್ಬಳಿಗೇ ಹೇಳಿದ್ದೆ. ಟೀಚರ್ ಎರಡನೇ ಸಾಲಿನಲ್ಲಿ ಕೂತಿದ್ದರು, ಕಿವಿಗೆ ಹತ್ತಿ ಇಟ್ಟುಕೊಂಡು. ಗಲಾಟೆ ಅವರಿಗೆ ಆಗುವುದಿಲ್ಲ.

ಒಳಗೆ ನಾಲ್ಕು ಸಾವಿರ ಜನ. ನಮ್ಮ ವಯಸ್ಸಿನವರೇ ಬಹಳ; ಅವರಿಗೂ ಹೊಟ್ಟೆ ಬಂದಿತ್ತು, ಕೆಲವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಮೊದಲ ಐದು ಹಾಡಿಗೆ ತುಟಿ ಆಡಿಸಿದೆವು. ಆರನೆಯದು ಅದೇ ಹಾಡು. ಮೊದಲ ತಾಳ ಬಿದ್ದದ್ದೇ ತಡ ಸಭಾಂಗಣ ಎದ್ದು ನಿಂತಿತು. ನನ್ನ ಹೊಟ್ಟೆಯೊಳಗೆ ಹತ್ತೊಂಬತ್ತು ವರ್ಷದ ಆ ದಡ್ಡ ಎದ್ದು ಕೂತ. ಭಯ ಆಗಲಿಲ್ಲ ಎಂದರೆ ಸುಳ್ಳು, ಬಹಳ ಭಯವಾಯಿತು. ಎಡಗೈ ತಾನಾಗಿ ಮೇಲೇಳುತ್ತದೋ ಎಂದು ಹೆದರಿ ಹೆಬ್ಬೆರಳನ್ನು ಸೊಂಟಪಟ್ಟಿಯೊಳಗೆ ಸಿಕ್ಕಿಸಿದೆ. ಅಕ್ಕ ಬಿಟ್ಟ ಎರಡು ಬೆರಳಿನ ಸಡಿಲ ಅದಕ್ಕೂ ಉಪಯೋಗವಾಯಿತು.

ಹೀರೋ ‘ಹೋಗಬೇಡ’ ಎಂದ. ಅಂದರೆ ಅವನ ಹಳೆಯ ದನಿ ಎಂದಿತು. ವಾದ್ಯಗಳು ತಡೆದವು. ಕಿವಿಯೊಳಗಿನ ಪುಟ್ಟ ಸ್ಪೀಕರಿನಲ್ಲಿ ನನ್ನದೇ ಉಸಿರು ಕೇಳಿಸಿತು. ಮೈಕ್ ಜೀವಂತವಾಗಿತ್ತು.

ಹಾಡಿದೆ. ‘ಇನ್ನೂ’ ಎಂದು ಎತ್ತಿಕೊಂಡೆ, ಒಳಗೆ ಜಾಗ ಮಾಡಿದೆ, ದನಿ ಹತ್ತಿತು, ಬಾಗಿಲ ತನಕ ಹೋಯಿತು, ಅಲ್ಲಿ ಒಂದು ಸಲ ತಡವರಿಸಿತು, ಹೋಯಿತು ಒಳಗೆ. ಅಲ್ಲಿ ನಿಂತಿತು. ಯಾರೂ ಎಂದೂ ಹಾಡದ ಆ ಸ್ವರದಲ್ಲಿ ನಾನು ನಿಂತಿದ್ದೆ, ಮೂವತ್ತಮೂರು ವರ್ಷದ ಹೊಟ್ಟೆ ಬಂದ ಡ್ರೈವಿಂಗ್ ಮೇಷ್ಟ್ರು. ಇಳಿಯುವಾಗ ‘ಬೆಳಕಿದೆ’ ಎಂಬುದನ್ನು ಅವಸರ ಮಾಡದೆ ಹೇಳಿದೆ. ಅಷ್ಟು ಖುಷಿ ನನಗೆ ಹದಿನೇಳರಲ್ಲಿ, ಅಭಿಮಾನಿಗಳು ಸುರಿಸಿದ ಹೂಮಳೆಯ ನಡುವೆಯೂ ಆಗಿರಲಿಲ್ಲ.

ಜನ ಕೂಗಿದರು. ಮೊದಲೂ ಕೂಗುತ್ತಿದ್ದರು, ಆಮೇಲೂ ಕೂಗಿದರು, ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ನಾಲ್ಕು ಸಾವಿರ ಜನರಲ್ಲಿ ಒಬ್ಬರೂ ತಿರುಗಿ ಪಕ್ಕದವರ ಮುಖ ನೋಡಲಿಲ್ಲ. ಯಾಕೆ ನೋಡಬೇಕು? ಅವರು ಹದಿನಾರು ವರ್ಷದಿಂದ ಕೇಳಿದ್ದ ಸ್ವರವೇ ಅದು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಆದರೆ ನಮ್ಮ ಐವರ ಕಿವಿಯಲ್ಲೂ ಆ ಪುಟ್ಟ ಸ್ಪೀಕರ್ ಇತ್ತು. ಪಲ್ಟಿ ಕುಣಿಯುವುದನ್ನು ಮರೆತು ನನ್ನನ್ನೇ ನೋಡುತ್ತ ನಿಂತ. ಅವಳಿಗಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಹೀರೋ ಮುಂದಿನ ಸಾಲಿಗೆ ತುಟಿ ಆಡಿಸುವುದನ್ನೇ ಬಿಟ್ಟ. ಬಾಯಿ ಮುಚ್ಚಿದ್ದ ಅವನಿಂದ ಹಾಡು ಬರುತ್ತಲೇ ಇತ್ತು. ಆಮೇಲೆ ಅವನು ಬಗ್ಗಿದ. ಬಲಗಾಲಿನ ಶೂ ಬಿಚ್ಚಿ, ಅಷ್ಟು ದೀಪಗಳ ಕೆಳಗೆ, ವೇದಿಕೆಯ ನಟ್ಟನಡುವೆ ಇಟ್ಟ. ಒಂದು ಕಾಲಲ್ಲಿ ಕಾಲುಚೀಲ ಮಾತ್ರ ಇಟ್ಟುಕೊಂಡು ಉಳಿದ ಹಾಡನ್ನು ಕುಂಟುತ್ತ ಕುಣಿದ. ಜನ ಅದನ್ನೂ ಕುಣಿತದ ಭಾಗ ಎಂದುಕೊಂಡು ಚಪ್ಪಾಳೆ ಹೊಡೆದರು. ನನಗೆ ಕಣ್ಣು ಕಾಣದಷ್ಟು ಅಳು ಬಂತು.

ತೆರೆಯ ಹಿಂದೆ ಅಕ್ಕ ಮುಖ ಒರೆಸಲು ಟವೆಲ್ ಕೊಟ್ಟಳು. ಕಾಲು ನೆಲದ ಮೇಲಿದೆಯೋ ಇಲ್ಲವೋ ಗೊತ್ತಾಗದಂತೆ ನಿಂತಿದ್ದಳು. “ಕೇಳಿಸ್ತು,” ಎಂದಳು, ಅಷ್ಟೇ. ಟೀಚರ್ ಕಿವಿಯ ಹತ್ತಿ ಆ ಏಳು ಸೆಕೆಂಡು ಮಾತ್ರ ತೆಗೆದಿದ್ದರಂತೆ. ಮ್ಯಾನೇಜರ್ ಬಂದು ಎಲ್ಲರ ಬೆನ್ನು ತಟ್ಟಿ, “ನೋಡಿದ್ರಾ, ಟ್ರ್ಯಾಕ್ ಇದ್ರೆ ಎಷ್ಟು ನಿಶ್ಚಿಂತೆ!” ಎಂದ. ಸೌಂಡಣ್ಣ ತಂತಿ ಸುತ್ತುತ್ತ ನೆಲ ನೋಡಿ ನಗುತ್ತಿದ್ದ. ಹೀರೋ ನನ್ನ ಹತ್ತಿರ ಬಂದು, “ಎರಡು ಪ್ಲಸ್ ಒಂದು ಮೂರು. ಮುಂದಿನ ಸಲ ನಿಧಾನದ್ದು ಹಾಡೋಣ. ಆ ಟೀಚರ್ ಮನೆ ಎಲ್ಲಿ?” ಎಂದು ಕೇಳಿದ.

ಸೋಮವಾರ ಬೆಳಿಗ್ಗೆ ಔಷಧಿ ಅಂಗಡಿಯ ಮೇಡಂ ಪಾಠಕ್ಕೆ ಬಂದರು. ಕಾರ್ಯಕ್ರಮಕ್ಕೆ ಗಂಡನನ್ನೂ ಎಳೆದುಕೊಂಡು ಬಂದಿದ್ದರಂತೆ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು, ನಿಂತೆವು.

“ತುಂಬಾ ಚೆನ್ನಾಗಿತ್ತು ಸರ್,” ಎಂದರು. “ಆದ್ರೆ ಬೇಜಾರು ಮಾಡ್ಕೋಬೇಡಿ, ನಮ್ಮನೆಯವ್ರು ಹೇಳ್ತಿದ್ರು, ಅದೆಲ್ಲ ಟ್ರ್ಯಾಕ್ ಅಂತೆ. ಆದ್ರೂ ನಿಮ್ಮ ಸಾಲಲ್ಲಿ ನೀವು ತುಟಿ ಆಡಿಸಿದ್ದು ಎಷ್ಟು ಸರಿಯಾಗಿತ್ತು ಅಂತೀರ! ಥೇಟ್ ನೀವೇ ಹಾಡ್ದಂಗಿತ್ತು.”

ಹದಿನಾಲ್ಕು ವರ್ಷ ಹಿಂದಿನವನಾಗಿದ್ದರೆ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಹೊರಗೆ ನೋಡುತ್ತಿದ್ದೆ. ಈಗ ಗಾಜು ಏರಿಸಿದೆ.

“ಕ್ಲಚ್ ಒತ್ತಿ ಹಿಡ್ಕೊಳ್ಳಿ ಮೇಡಂ. ಏನೇ ಆದ್ರೂ ಕಾಲು ತೆಗೀಬೇಡಿ,” ಎಂದೆ.

ಒಳಗೆ ಜಾಗ ಮಾಡಿಕೊಂಡು, ಅವರ ಕಿವಿಯಿಂದ ಒಂದು ಮೊಳ ದೂರದಲ್ಲಿ, ಪೂರ್ತಿ ಏಳು ಸೆಕೆಂಡು ಹಾಡಿದೆ. ದೀಪ ಹಸಿರಾಯಿತು. ಮೇಡಂ ನನ್ನನ್ನೇ ನೋಡುತ್ತಿದ್ದರು, ಬಾಯಿ ತೆರೆದೇ ಇತ್ತು, ಎಡಗಾಲು ಎಂದೋ ಮೇಲೆದ್ದಿತ್ತು. ಕಾರು ಕೆಮ್ಮಿ ನಟ್ಟನಡು ರಸ್ತೆಯಲ್ಲಿ ಆಫ್ ಆಯಿತು. ಹಿಂದಿನವರೆಲ್ಲ ಹಾರನ್ ಬಾರಿಸತೊಡಗಿದರು. ಬಾರಿಸಲಿ ಎಂದು ಬಿಟ್ಟೆ.